ಎಷ್ಟು ಹೊತ್ತು ಬರುತ್ತದೆ

ದಕ್ಕೆಯಲ್ಲಿ ಎಲ್ಲರೂ ನನ್ನಲ್ಲಿ ಕೇಳುವುದು ಒಂದೇ:
ಎಷ್ಟು ಹೊತ್ತು ಬರುತ್ತದೆ?
ಹತ್ತೊಂಬತ್ತು ವರ್ಷದಿಂದ ಐಸ್ ಪ್ಲಾಂಟಿನ ರಿಜಿಸ್ಟರು ಬರೆಯುವವ ನಾನು,
ಸರಿಯಾದ ಉತ್ತರ ಇನ್ನೂ ಗೊತ್ತಿಲ್ಲ.
ಗೋಣಿ ಹೊದೆಸಿದರೆ ಇಷ್ಟು, ಉಮಿ ಹಾಕಿದರೆ ಅಷ್ಟು,
ಬಿಸಿಲಿಗೆ ಬುಟ್ಟಿ ಹೊತ್ತರೆ
ಹಂಪನಕಟ್ಟೆ ಮುಟ್ಟುವಾಗ ಬೆನ್ನೆಲ್ಲ ಒದ್ದೆ.
"ಏತ್ ಪೊರ್ತು?" ಎಂದು ವಾರಿಜಕ್ಕ ಕೇಳಿದರೆ
ಮೀನಿನ ಹತ್ತಿರ ಕೇಳಿ ಎನ್ನುತ್ತೇನೆ.
ಬಯ್ಯುತ್ತಾರೆ. ಬಯ್ದು, ಅರ್ಧ ತುಂಡು ಜಾಸ್ತಿ ಒಯ್ಯುತ್ತಾರೆ.

ಡಾಕ್ಟರ್ ಫ್ಲೋರಿನ್ ಸಲ್ಡಾನ್ಹ ಮಾತ್ರ ಕೇಳುವುದಿಲ್ಲ.
ವರ್ಷಕ್ಕೊಮ್ಮೆ ಸ್ಕೂಟರಿನಲ್ಲಿ ನೀಲಿ ಡಬ್ಬ ಇಟ್ಟುಕೊಂಡು ಬಂದು
ನಮ್ಮದೇ ಐಸ್ ತುಂಬಿಸಿ,
"ತೀರಾ ಚಳಿಯೂ ಲಸಿಕೆಗೆ ಆಗುವುದಿಲ್ಲ" ಎಂದು
ಬಾಟ್ಲಿಗಳಿಗೆ ಹಳೆಯ ಟವೆಲು ಸುತ್ತಿ,
ದಕ್ಕೆಯ ನಾಯಿಗಳನ್ನು ಹೆಸರು ಹಿಡಿದು ಕರೆಯುತ್ತಾರೆ.
ಬಾರದವನ್ನು ಬೋಟಿನ ಹುಡುಗರು ಹಿಡಿಯುತ್ತಾರೆ.
ಹರಿದ ಬಲೆ ಮೀನಿಗೆ ಆಗದಿದ್ದರೂ ನಾಯಿಗೆ ಆಗುತ್ತದೆ.

ನಮ್ಮದು ಬೂತಾಯಿ.
ಹೊಟ್ಟೆಯಡಿ ಬೆಳ್ಳಿ ಬಣ್ಣ, ಅದಕ್ಕೆ ಆ ಹೆಸರು, ಯಾರು ಇಟ್ಟದ್ದೋ.
ಐಸ್ ಒಡೆಯುವ ಯಂತ್ರದ ಹಿಂದೆ ಮಲಗುತ್ತದೆ;
ಸೆಕೆಗಾಲದಲ್ಲಿ ಇಡೀ ದಕ್ಕೆಗೆ ಅದೇ ಧಣಿ.
ಅದರ ಕಾರ್ಡು ನನ್ನ ಡ್ರಾವರಿನಲ್ಲಿ, ಡೀಸೆಲ್ ಚೀಟಿಗಳ ಕೆಳಗೆ:
ಕೊಟ್ಟ ದಿನ, ಮುಂದಿನ ದಿನ,
ನಡುವೆ ಒಂದು ಗೀಟು.

ಒಮ್ಮೆ ನಾನೇ ಕೇಳಿದೆ, ಎಲ್ಲರ ಪ್ರಶ್ನೆಯನ್ನೇ.
"ಯಾವುದರದ್ದು?" ಎಂದರು ಡಾಕ್ಟರು.
"ಇಲಿಜ್ವರದ್ದು ವರ್ಷ ದಾಟುವುದು ಕಷ್ಟ,
ನಿಮ್ಮ ಇಲಿಗಳೋ, ಬೆಕ್ಕಿಗೂ ಹೆದರದವು.
ಡಿಸ್ಟೆಂಪರಿನದ್ದು ಮರಿಯಲ್ಲಿ ಸರಿಯಾಗಿ ಬಿದ್ದರೆ
ರಕ್ತ ವರ್ಷಗಟ್ಟಲೆ ನೆನಪಿಡುತ್ತದೆ.
ಹುಚ್ಚಿನದ್ದು ಈ ಕಾರ್ಡಿನಲ್ಲಿ ಒಂದು ವರ್ಷ.
ಒಳಗೆ ಹೆಚ್ಚೇ ಇದ್ದೀತು. ನೋಡಬೇಕಾದರೆ
ರಕ್ತ ತೆಗೆದು ದೂರ ಕಳಿಸಬೇಕು,
ದುಡ್ಡು ಯಾರು ಕೊಡುತ್ತಾರೆ, ನಿಮ್ಮ ಧಣಿಗಳಾ?"

ಕಳೆದ ಮಳೆಗಾಲ ಬೋಟುಗಳನ್ನು ಕಟ್ಟಿ ಹಾಕಿದ ಮೇಲೆ
ಪ್ಲಾಂಟು ಬಂದ್. ಡಾಕ್ಟರಿಗೆ ಮೊಣಕಾಲಿನ ಆಪರೇಷನ್.
ಕಾರ್ಡಿನ ದಿನ ಸದ್ದಿಲ್ಲದೆ ಬಂದು ಹೋಯಿತು.
ಅದು ಕಳೆದು ನಲವತ್ತೊಂದನೇ ದಿನ
ಹೊಯ್ಗೆಬಜಾರ್ ಕಡೆಯಿಂದ ಒಂದು ಕಂದು ನಾಯಿ,
ಬಾಯಲ್ಲಿ ನೊರೆ, ಕಾಲಿಗೆ ದಾರಿಯ ಗುರುತಿಲ್ಲ.
ಬೂತಾಯಿ ಅದಕ್ಕೂ ನನಗೂ ನಡುವೆ ನಿಂತಿತು.
ನಾನು ಕೋಲು ಹುಡುಕುವಷ್ಟರಲ್ಲಿ ಕಿವಿ ಹರಿದಿತ್ತು.

ಐಸ್ ಎತ್ತುವ ರಬ್ಬರ್ ಗ್ಲೌಸು ಹಾಕಿಕೊಂಡು
ಸೋಪಿನಲ್ಲಿ ತೊಳೆದೆ, ವಾಚ್ ನೋಡಿ ಹದಿನೈದು ನಿಮಿಷ.
ಡಾಕ್ಟರು ಊರುಗೋಲಿನಲ್ಲಿ ಬಂದರು, ಅದೇ ನೀಲಿ ಡಬ್ಬ.
ನನ್ನಲ್ಲಿ ಐಸ್ ಇಲ್ಲವೆಂದು
ಹಾಲಿನ ಪ್ಯಾಕೆಟು ಗಟ್ಟಿ ಮಾಡಿ ತಂದಿದ್ದರು.
"ಹಳೆಯದು ಒಳಗೆ ಉಂಟಾದರೆ ಇದು ಅದನ್ನು ಎಬ್ಬಿಸುತ್ತದೆ.
ನಲವತ್ತೈದು ದಿನ ಕಟ್ಟಿ ಹಾಕಿ.
ನೀರು ಕುಡಿಯುತ್ತದಾ ನೋಡಿ."

ಐಸಿನ ಲೆಕ್ಕವಿಲ್ಲದ ರಿಜಿಸ್ಟರಿನಲ್ಲಿ ಬರೆದೆ:
ಒಂದು. ಕುಡಿಯಿತು.
ಎರಡು. ಕುಡಿಯಿತು.
ಒಂಬತ್ತು. ಕುಡಿಯಲಿಲ್ಲ. ಸಂಜೆ ಕುಡಿಯಿತು.
ಹದಿನಾರು. ಬೋಗುಣಿ ಮಗುಚಿತು. ಸಿಟ್ಟೋ, ಆಟವೋ?
ಹದಿನೆಂಟು. ಯಂತ್ರ ಶುರು. ಸದ್ದಿಗೆ ಬೊಗಳಿತು. ಕುಡಿಯಿತು.

ಕರಗುವುದು ಕಣ್ಣಿಗೆ ಕಾಣುವ ಸಾಮಾನು ನನ್ನದು;
ಗೋಣಿ ಎತ್ತಿದರಾಯಿತು, ಉಳಿದದ್ದೆಷ್ಟೆಂದು ಗೊತ್ತಾಗುತ್ತದೆ.
ಇದರ ಚರ್ಮ ಎತ್ತಿ ನೋಡುವ ಹಾಗಿಲ್ಲ.
ನನ್ನ ತೋಳಿನಲ್ಲೂ ಒಂದು ಗುಂಡನೆಯ ಕಲೆ ಉಂಟು,
ಬೊಕ್ಕಪಟ್ಣದ ಶಾಲೆಯಲ್ಲಿ ನರ್ಸಮ್ಮ ಒತ್ತಿದ್ದು.
ಅದಕ್ಕೆ ಮುಂದಿನ ದಿನ ಯಾರೂ ಬರೆದು ಕೊಡಲಿಲ್ಲ.

ನಲವತ್ತೈದು ಕಳೆದ ಬೆಳಿಗ್ಗೆ ಹಗ್ಗ ಬಿಚ್ಚಿದೆ.
ನನ್ನನ್ನು ತಿರುಗಿಯೂ ನೋಡದೆ ಯಂತ್ರದ ಹಿಂದೆ ಹೋಗಿ
ನೆಲದಲ್ಲಿ ಹರಿಯುವ ಕರಗಿದ ನೀರು ನೆಕ್ಕತೊಡಗಿತು,
ನೆಕ್ಕಿತು, ನೆಕ್ಕುತ್ತಲೇ ಇತ್ತು.
ವಾರಿಜಕ್ಕ ಬುಟ್ಟಿ ಇಳಿಸಿ, ಎಂದಿನಂತೆ ಕೇಳಿದರು.
ಇವತ್ತಿನ ಮಟ್ಟಿಗೆ ಬರುತ್ತದೆ, ಎಂದೆ.
"ಅಷ್ಟು ನನಗೂ ಗೊತ್ತುಂಟು ಮಾರಾಯ" ಎಂದು
ಅರ್ಧ ತುಂಡು ಜಾಸ್ತಿ ಒಯ್ದರು.